ಮೊದಲ ಪುಟದ ಒಂದು ಸಾಲು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅವರನ್ನು ಎದುರಿಗೆ ಎಲ್ಲರೂ ಸಾರ್ ಅನ್ನುತ್ತಿದ್ದರು. ಬೆನ್ನು ತಿರುಗಿಸಿದರೋ, ಅಗುಳಿ. ಕದಕ್ಕೆ ಒಳಗಿನಿಂದ ಅಡ್ಡ ಹಾಕುವ ಮರದ ಅಗುಳಿ ಇದೆಯಲ್ಲ, ಅದೇ. ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರವಾಯಿತೇ ಅಂತೀರಾ? ಎಲ್ಲಿಯ ಬೇಸರ! ಒಳಗೊಳಗೇ ಹಿಗ್ಗು.

ಮೊದಲು ಅವರು ಅಲ್ಲಿ ವೈರ್‌ಮನ್ ಆಗಿದ್ದವರು. ಮೋಟಾರು ಸುಟ್ಟರೆ, ಫ್ಯೂಸು ಹಾರಿದರೆ ಇವರಿಗೆ ಕರೆ. ಕಂಪ್ಯೂಟರುಗಳು ಒಂದೊಂದಾಗಿ ಬಂದು ಕೂತಾಗ ಯಜಮಾನರು, "ತಂತಿ ಅಂದ್ರೆ ತಂತಿ ತಾನೇ, ಇದನ್ನೂ ನೀವೇ ನೋಡ್ಕೊಂಡ್ಬಿಡಿ" ಅಂದರು. ಇವರು ಹೂಂ ಅಂದರು. ಹೂಂ ಅಂದ ಮೇಲೆ ಬಿಡುವ ಜಾಯಮಾನದವರಲ್ಲ. ದಪ್ಪ ದಪ್ಪ ಪುಸ್ತಕ ತರಿಸಿಕೊಂಡು, ಅರ್ಥವಾಗದ ಮಾತಿಗೆಲ್ಲ ಪೆನ್ಸಿಲಿನಲ್ಲಿ ಗೀಟು ಎಳೆದು, ಗೀಟೆಳೆದದ್ದನ್ನು ಯಾರ್ಯಾರನ್ನೋ ಕೇಳಿ ಕಲಿತರು. ಇಡೀ ಕಾರ್ಖಾನೆಗೆ ವೈಫೈ ಹಬ್ಬಿಸುವ ಇಪ್ಪತ್ತಾರು ಆಕ್ಸೆಸ್ ಪಾಯಿಂಟುಗಳನ್ನು, ಅಂದರೆ ಬೋರಲು ಹಾಕಿದ ಊಟದ ತಟ್ಟೆಯ ಹಾಗೆ ಸೂರಿಗೆ ಅಂಟಿಕೊಂಡ ಆ ಬಿಳಿ ಡಬ್ಬಿಗಳನ್ನು, ಏಣಿ ಹತ್ತಿ ಕೂರಿಸಿದ್ದು ಇವರದೇ ಕೈ.

ಆದರೆ ಅವರ ಜೀವವೆಲ್ಲ ಇದ್ದದ್ದು ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ. ಕಿಟಕಿಯಿಲ್ಲದ ಕೋಣೆ, ಸದಾ ತಣ್ಣನೆ ಗಾಳಿ, ಸುಡುಬೇಸಿಗೆಯಲ್ಲೂ ಇವರ ಮೈಮೇಲೆ ಸ್ವೆಟರ್. ಅಲ್ಲಿನ ಕಪಾಟಿನಲ್ಲಿ ಹಸಿರು ದೀಪ ಮಿಟುಕಿಸುತ್ತ ಕೂತಿತ್ತು ಫೈರ್‌ವಾಲ್. ಕಾರ್ಖಾನೆಯಿಂದ ಹೊರಜಗತ್ತಿಗೆ ಹೋಗುವ, ಹೊರಜಗತ್ತಿನಿಂದ ಒಳಗೆ ಬರುವ ಪ್ರತಿಯೊಂದೂ ಆ ಪೆಟ್ಟಿಗೆಯ ಮುಂದೆ ನಿಂತು, ಬಿಡು ಅಂದರೆ ದಾಟಬೇಕು, ಬೇಡ ಅಂದರೆ ಅಲ್ಲೇ ಸಾಯಬೇಕು. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ ಬರೆಯುವವರು ಅಗುಳಿ ಸಾರ್. ಒಂಬತ್ತು ವರ್ಷದಲ್ಲಿ ಇನ್ನೂರ ಹನ್ನೆರಡು ಸಾಲು ಬರೆದಿದ್ದರು.

ಹಾಗಾಗಿ ಅಲ್ಲೊಂದು ರೂಢಿ ಬೆಳೆದಿತ್ತು. ಏನೇ ಬೇಕಾದರೂ ಜನ ಕಿರುಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಸಾರ್, ಊಟದ ಹೊತ್ತಲ್ಲಿ ಹಾಡು ಕೇಳ್ಬಹುದಾ?" "ಸಾರ್, ಆಟದ ಸ್ಕೋರು?" ಸಾರ್ ಕನ್ನಡಕವನ್ನು ಹಣೆಗೆ ಏರಿಸಿ, ಎರಡು ನಿಮಿಷ ಯೋಚಿಸಿ, ಬೇಡ ಅನ್ನುತ್ತಿದ್ದರು. ಅನ್ನುವುದಷ್ಟೇ ಅಲ್ಲ, ಆ ಕ್ಷಣವೇ ಪಟ್ಟಿಯ ಕೊನೆಯ ಪುಟ ತೆರೆದು, ತಡೆಯುವ ಸಾಲೊಂದನ್ನು ಬರೆದು, ತಮ್ಮ ಕಂಪ್ಯೂಟರಿನಲ್ಲೇ ಆ ತಾಣ ತೆರೆಯಲು ನೋಡುತ್ತಿದ್ದರು. ಪರದೆಯ ಮೇಲೆ ಕೆಂಪಕ್ಷರದಲ್ಲಿ 'ತಡೆಯಲಾಗಿದೆ' ಅಂತ ಬಂದರೆ ಸಮಾಧಾನ. ಕೇಳಲು ಬಂದವರು ಮುಖ ಸಣ್ಣದು ಮಾಡಿಕೊಂಡು ವಾಪಸು ಹೋಗುತ್ತಿದ್ದರು. ಸಾರ್ ಅಂಗಳಕ್ಕೆ ಬಂದರೆ ಸಾಕು, ಫೋನುಗಳೆಲ್ಲ ಗಬಕ್ಕನೆ ಜೇಬು ಸೇರುತ್ತಿದ್ದವು. ಎಷ್ಟು ಶಿಸ್ತು ನೋಡಿ ಅಂತ ಅವರು ಮನೆಯಲ್ಲಿ ಹೆಂಡತಿಯ ಮುಂದೆ ಹೇಳಿಕೊಂಡದ್ದುಂಟು.

ಕಾರ್ಖಾನೆಯ ಅರ್ಧ ಕೆಲಸ ಒಂದೇ ಗಿರಾಕಿಯದು, ಒಂದು ಔಷಧಿ ಕಂಪನಿಯದು. ರಟ್ಟು ಅಂಟಿಸುವ ಹಾಲ್‌ನಲ್ಲಿ ಕೂತ ನಲವತ್ತು ಮಂದಿಯ ಊಟವೂ ಅದೇ. ತಮ್ಮ ಪೆಟ್ಟಿಗೆಗಳ ನಕ್ಷೆ ಹೊರಗೆ ಸೋರಿ ನಕಲಿ ಮದ್ದು ಮಾರುವವರ ಕೈಗೆ ಸಿಕ್ಕೀತು ಎಂಬ ಭಯ ಆ ಕಂಪನಿಗೆ. ಅದಕ್ಕೇ ವರ್ಷಕ್ಕೊಮ್ಮೆ, 'ನಮ್ಮ ಜಾಲ ಭದ್ರವಾಗಿದೆ' ಎಂಬ ಕಾಗದಕ್ಕೆ ಸಹಿ ಕೇಳುತ್ತಿತ್ತು. ಸಾರ್ ಎಂಟು ಸಲ ಸಹಿ ಹಾಕಿ ಕಳಿಸಿದ್ದರು. ಒಂಬತ್ತನೆಯ ವರ್ಷ ಕಾಗದದ ಜೊತೆ ಒಬ್ಬ ತಪಾಸಣೆಗಾರ್ತಿಯೂ ಬಂದಳು. ಈ ಸಲ ಕಣ್ಣಾರೆ ನೋಡಬೇಕಂತೆ.

ವಯಸ್ಸಿನಲ್ಲಿ ಸಾರ್‌ಗೆ ಮಗಳಂತಿದ್ದಳು. ಬೆಳಿಗ್ಗೆ ಒಂಬತ್ತೂವರೆಗೆ ಬಂದು, ಕಿರುಕೋಣೆಯ ಚಳಿಗೆ ಸೆರಗು ಹೊದ್ದು ಸ್ಟೂಲಿನ ಮೇಲೆ ಕೂತಳು. ಸಾರ್ ಮದುವೆ ಮನೆಯ ಯಜಮಾನನ ಉತ್ಸಾಹದಲ್ಲಿ ಪಟ್ಟಿ ತೆರೆದರು. ಅದು ಎಂದಿನಂತೆ ಕೊನೆಯ ಪುಟಕ್ಕೇ ತೆರೆದುಕೊಂಡಿತು.

"ನೋಡಮ್ಮಾ, ಇನ್ನೂರ ಹನ್ನೆರಡು. ಒಂದೊಂದೂ ನಾನೇ ಬರೆದದ್ದು."

"ತುಂಬಾ ಅಚ್ಚುಕಟ್ಟಾಗಿದೆ ಸಾರ್. ಮೊದಲನೇ ಪುಟ ತೋರಿಸ್ತೀರಾ?"

ಮೊದಲನೇ ಪುಟವೇ? ಹೊಸ ಸಾಲು ಬರೆಯುವುದು ಕೊನೆಯಲ್ಲಿ. ಮೊದಲ ಪುಟದಲ್ಲಿ ಅವರಿಗೇನು ಕೆಲಸ? ಆ ಪುಟ ನೋಡಿ ಎಷ್ಟು ಕಾಲವಾಯಿತೋ. ಒತ್ತಿದರು. ಪುಟ ಬಂತು. ಹೆಣ್ಣುಮಗಳು ಪರದೆಗೆ ಹತ್ತಿರ ಬಗ್ಗಿದಳು, ಮತ್ತೆ ಹಿಂದಕ್ಕೆ ಸರಿದಳು.

"ಇದೇನು ಸಾರ್?"

"ಯಾವುದಮ್ಮಾ?"

"ಒಂದನೇ ಸಾಲು."

ಸಾರ್ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿದರು. ಕಚೇರಿ ಮತ್ತು ಕಾರ್ಖಾನೆಯ ಯಾವ ಯಂತ್ರದಿಂದಲಾದರೂ, ಯಾವ ವೈಫೈಯಿಂದಲಾದರೂ, ಹೊರಗೆ ಎಲ್ಲಿಗಾದರೂ, ಏನಾದರೂ ಹೋಗಲಿ, ಬಿಡು. ಹಾಗಂತ ಇತ್ತು. ಪಕ್ಕದಲ್ಲಿ ಅವರೇ ಎಂದೋ ಟೈಪು ಮಾಡಿದ ಟಿಪ್ಪಣಿ: 'ತಾತ್ಕಾಲಿಕ. ಮಧ್ಯಾಹ್ನ ತೆಗೆಯಬೇಕು.'

ತಾರೀಕು ಒಂಬತ್ತು ವರ್ಷದ ಹಿಂದಿನದು.

ಆ ದಿನ ಕಣ್ಣ ಮುಂದೆ ಬಂತು. ಫೈರ್‌ವಾಲ್ ಪೆಟ್ಟಿಗೆ ಹೊಸತಾಗಿ ಬಂದ ದಿನ. ಯಜಮಾನರು ಬೆನ್ನ ಹಿಂದೆ ನಿಂತು, "ಊಟದೊಳಗೆ ಪ್ರಿಂಟಿಂಗ್ ಶುರುವಾಗ್ಬೇಕು ಕಣ್ರೀ" ಅನ್ನುತ್ತಿದ್ದರು. ಎಲ್ಲ ಸರಿಯಾಗಿ ಹರಿಯುತ್ತದೋ ನೋಡಲು ಎಲ್ಲವನ್ನೂ ಬಿಡುವ ಸಾಲೊಂದನ್ನು ಹಾಕಿದ್ದರು. ಪರೀಕ್ಷೆಗೆ ಎಲ್ಲರೂ ಹಾಕುತ್ತಾರೆ, ಆಮೇಲೆ ತೆಗೆಯುತ್ತಾರೆ. ಇವರೂ ತೆಗೆಯುವವರೇ. ಆದರೆ ಅಷ್ಟರಲ್ಲಿ ಹದಿನಾಲ್ಕನೇ ಆಕ್ಸೆಸ್ ಪಾಯಿಂಟು ಕೂರಿಸಲು ಏಣಿ ಹತ್ತಿದರು, ಏಣಿ ಜಾರಿತು, ಕಾಲು ಉಳುಕಿತು. ನಾಲ್ಕು ದಿನ ಮನೆಯಲ್ಲಿ. ವಾಪಸು ಬಂದಾಗ ಮಾಡಲು ಬೆಟ್ಟದಷ್ಟು ಕೆಲಸ ಬಾಕಿ ಬಿದ್ದಿತ್ತು.

"ಪೆಟ್ಟಿಗೆ ಮೇಲಿಂದ ಕೆಳಕ್ಕೆ ಓದುತ್ತೆ ಅಲ್ವಾ ಸಾರ್," ಹೆಣ್ಣುಮಗಳು ಮೆಲ್ಲಗೆ ಹೇಳಿದಳು, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ. "ಯಾವ ಸಾಲು ಮೊದಲು ಹೊಂದುತ್ತೋ ಅಲ್ಲಿಗೇ ತೀರ್ಮಾನ. ಕೆಳಗಿನದನ್ನ ಅದು ನೋಡೋದೇ ಇಲ್ಲ."

ಇದನ್ನು ಅವರಿಗೆ ಹೇಳಿಕೊಡಬೇಕೇ? ಪುಸ್ತಕದಲ್ಲಿ ಪೆನ್ಸಿಲ್ ಗೀಟು ಎಳೆದ ಮಾತೇ ಅದು.

"ಇಲ್ಲಮ್ಮಾ, ತಡೀತಿತ್ತು. ಪ್ರತಿಸಲ ನಾನೇ ನೋಡಿದ್ದೀನಿ. ಕೆಂಪಕ್ಷರ ಬರ್ತಿತ್ತು."

ಅವಳು ಏನೋ ಒತ್ತಿದಳು. ಪಟ್ಟಿಯ ಬಲಕ್ಕೆ ಹೊಸದೊಂದು ಅಂಕಣ ತೆರೆಯಿತು: ಯಾವ ಸಾಲು ಎಷ್ಟು ಸಲ ಕೆಲಸಕ್ಕೆ ಬಂದಿದೆ ಎಂಬ ಲೆಕ್ಕ. ಅದು ಮುಚ್ಚಿಕೊಂಡೇ ಇರುತ್ತದೆ, ಬೇಕೆಂದವರು ತೆರೆಯಬೇಕು. ಒಂದನೇ ಸಾಲಿನ ಮುಂದೆ ಓದಲಾಗದಷ್ಟು ಉದ್ದದ ಸಂಖ್ಯೆ. ಹಾಡಿನ ತಾಣ ತಡೆಯುವ ಸಾಲಿನ ಮುಂದೆ ಮೂರು. ಸ್ಕೋರಿನ ಮುಂದೆ ಎರಡು. ಸಿನಿಮಾದ ಮುಂದೆ ನಾಲ್ಕು.

"ಈ ಮೂರೂ, ಎರಡೂ, ನಾಲ್ಕೂ ಒಂದೇ ಕಂಪ್ಯೂಟರಿಂದ ಬಂದಿದಾವೆ ಸಾರ್. ಕೊನೆಗೆ ಹತ್ತು ಅಂತಿರೋ ವಿಳಾಸ. ಅದು ಯಾರದ್ದು?"

ಸಾರ್ ತಮ್ಮ ಮುಂದಿದ್ದ ಕಂಪ್ಯೂಟರನ್ನು ನೋಡಿದರು. ಅದರ ನೆತ್ತಿಯ ಮೇಲೆ ಅವರೇ ಅಂಟಿಸಿದ್ದ ಚೀಟಿ. ಹತ್ತು. ಪೆಟ್ಟಿಗೆಯನ್ನು ಆಳುವ ಈ ಒಂದು ಯಂತ್ರವನ್ನು ಭದ್ರತೆಗೆಂದು ಬೇರೆಯದೇ ಜಾಲದಲ್ಲಿ ಇಟ್ಟಿದ್ದರು. ಮೊದಲ ಸಾಲು ಇದಕ್ಕೆ ಅನ್ವಯವಾಗುತ್ತಿರಲಿಲ್ಲ.

"ನನ್ನದು," ಅಂದರು.

ಅಂದರೆ ಇಡೀ ಕಾರ್ಖಾನೆಯಲ್ಲಿ, ಕಾವಲುಗಾರನಿಂದ ಹಿಡಿದು ಯಜಮಾನರ ತನಕ, ಒಂಬತ್ತು ವರ್ಷ ಹಾಡು ಸಿಗದೆ, ಸ್ಕೋರು ಸಿಗದೆ ಕೂತಿದ್ದ ಪ್ರಾಣಿ ಒಂದೇ ಒಂದು. ಆ ಪ್ರಾಣಿ ಸ್ವೆಟರ್ ಹಾಕಿಕೊಂಡು ಗರಬಡಿದಂತೆ ನಿಂತಿತ್ತು.

ತಪಾಸಣೆಗಾರ್ತಿ ಗಡಿಯಾರ ನೋಡಿದಳು. "ನಾಲ್ಕು ಗಂಟೆಗೆ ನಾನು ವರದಿ ಕಳಿಸ್ಬೇಕು ಸಾರ್. ಅಷ್ಟರೊಳಗೆ ಈ ಸಾಲು ಹೋಗಿರ್ಬೇಕು, ಕಾರ್ಖಾನೆ ನಡೀತಾನೂ ಇರ್ಬೇಕು. ಆಗಿದ್ರೆ ಆಯ್ತು ಅಂತ ಬರೀತೀನಿ. ಇಲ್ಲಾಂದ್ರೆ..." ಇಲ್ಲಾಂದರೆ ಔಷಧಿಯ ಪೆಟ್ಟಿಗೆಗಳು ಬೇರೆ ಕಾರ್ಖಾನೆಗೆ ಹೋಗುತ್ತವೆ, ನಲವತ್ತು ಮಂದಿ ಮನೆಗೆ ಹೋಗುತ್ತಾರೆ. ಅದು ಇಬ್ಬರಿಗೂ ಗೊತ್ತಿದ್ದದ್ದೇ.

ಸಾರ್ ಸಾಲನ್ನು ಅಳಿಸಿದರು.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಬಾಗಿಲಲ್ಲಿ ಕೂತು ಬಂದವರನ್ನು ವಿಚಾರಿಸುವ, ಕರೆಗಳನ್ನು ಜೋಡಿಸುವ ಫೋನಕ್ಕ. "ಸಾರ್, ಲಾರಿ ತೂಕ ಮಾಡೋ ಕಂಪ್ಯೂಟರ್ ನಿಂತೋಯ್ತಂತೆ! ಕತ್ತರಿಸೋ ಯಂತ್ರದ್ದು ಪರದೆ ಹೋಯ್ತಂತೆ! ಹಾಜರಿ ಮಿಷನ್ನು ಯಾರ ಬೆರಳನ್ನೂ ಒಪ್ತಿಲ್ಲ!" ಆ ಫೋನು ಇಡುವ ಮೊದಲೇ ಇನ್ನೊಂದು. ಬಿಡು ಅಂತ ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲ ಪೆಟ್ಟಿಗೆ ತಾನಾಗಿಯೇ ತಡೆಯುತ್ತದೆ. ಒಂಬತ್ತು ವರ್ಷದಲ್ಲಿ ಆ ಒಂದು ತೂತಿನಲ್ಲಿ ಏನೇನು ದಾರಿ ಮಾಡಿಕೊಂಡಿತ್ತೋ, ಎಲ್ಲ ಒಟ್ಟಿಗೆ ಬಾಯಿಬಿಟ್ಟುಕೊಂಡವು. ಯಾವುದಕ್ಕೆ ಯಾವ ದಾರಿ ಬೇಕು ಅಂತ ಸಾರ್‌ಗೆ ಏನು ಗೊತ್ತು? ಎಂದೂ ಯಾವುದಕ್ಕೂ ಅಡ್ಡಿಯಾಗದ ಕಾರಣ ಯಾರೂ ಬಂದು ಹೇಳಿರಲಿಲ್ಲ.

ಕೇಳದೆ ವಿಧಿಯಿಲ್ಲ. ಕೇಳಿಸಿಕೊಂಡು ರೂಢಿಯಿದ್ದ ಮನುಷ್ಯ ನೋಟುಪುಸ್ತಕ ಹಿಡಿದು ಕೇಳಲು ಹೊರಟರು. ಮೊದಲು ಸಿಕ್ಕವಳೇ ಫೋನಕ್ಕ.

"ಅಕ್ಕಾ, ನಿಜ ಹೇಳಿ. ನೀವು ಈ ಕಂಪ್ಯೂಟರಲ್ಲಿ ಏನೇನು ನೋಡ್ತೀರಿ?"

ಫೋನಕ್ಕನ ಮುಖ ಬಿಳಿಚಿಕೊಂಡಿತು. "ಗೊತ್ತಾಗ್ಹೋಯ್ತಾ ಸಾರ್?"

"ಅಂದ್ರೆ ನಿಮಗೆ ಗೊತ್ತಿತ್ತು!"

"ಅಯ್ಯೋ, ಯಾರಿಗ್ ಗೊತ್ತಿಲ್ಲ ಸಾರ್! ಹೊಸಬರು ಸೇರಿದ ದಿನಾನೇ ನಾನು ಹೇಳ್ಬಿಡ್ತೀನಿ. ಏನೇ ನೋಡೋದಿದ್ರೂ ಮೊದಲು ಹೋಗಿ ಸಾರ್‌ನ ಕೇಳಿ. ಬೇಡ ಅಂತಾರೆ. ಮುಖ ಸಣ್ಣ ಮಾಡ್ಕೊಂಡು ಬನ್ನಿ. ಆಮೇಲೆ ನೋಡ್ಕೊಳ್ಳಿ, ಅಂತ. ಕೆಲವ್ರಿಗೆ ಮುಖ ಸಣ್ಣ ಮಾಡಕ್ಕೇ ಬರಲ್ಲ ಸಾರ್, ಇಲ್ಲೇ ನಿಲ್ಲಿಸ್ಕೊಂಡು ಎರಡ್ಮೂರು ಸಲ ಮಾಡಿಸ್ತೀನಿ."

ಸಾರ್ ಕೌಂಟರಿನ ಅಂಚನ್ನು ಹಿಡಿದುಕೊಂಡರು. "ಒಬ್ರಾದ್ರೂ ನನಗೆ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ನಿಮ್ಮ ಮನಸ್ಸಿಗೆ ನೋವಾಗ್ತಿತ್ತು." ಸ್ವಲ್ಪ ತಡೆದು ಸೇರಿಸಿದಳು, "ಮತ್ತೆ ನೀವು ಮುಚ್ಚಿಬಿಡ್ತಿದ್ರಿ."

ತಡವಾಗುತ್ತಿತ್ತು. ಅವಳು ಹೇಳಿದ್ದನ್ನು ಬರೆದುಕೊಂಡು ಅಂಗಳ ದಾಟಿದರು. ತೂಕದವನು ಹೇಳಿದ, ಉಗ್ರಾಣದವರು ಹೇಳಿದರು. ಕತ್ತರಿಸುವ ಯಂತ್ರಕ್ಕೆ ಜ್ವರ ಬಂದರೆ ಅದನ್ನು ಮಾಡಿದ ಕಂಪನಿಯವರು ದೂರದಿಂದಲೇ ನಾಡಿ ನೋಡುತ್ತಿದ್ದರಂತೆ, ಅದೂ ಅದೇ ತೂತಿನಿಂದಲೇ. ಸಾರ್ ಬರೆದರು, ಬರೆದದ್ದಕ್ಕೆಲ್ಲ ಕಿರುಕೋಣೆಗೆ ಓಡಿ ಬಂದು ಸಣ್ಣ ಸಣ್ಣ ದಾರಿ ತೆರೆದರು, ಮತ್ತೆ ಓಡಿದರು.

ಅಂಟಿಸುವ ಹಾಲ್‌ನಲ್ಲಿ ಗೋಂದಜ್ಜಿ ಕೂತಿದ್ದಳು. ಆ ನಲವತ್ತು ಮಂದಿಗೆ ಹಿರಿಯಳು, ಮೊಣಕೈ ತನಕ ಗೋಂದು. ಇವಳನ್ನು ಕಂಡರೆ ಸಾರ್‌ಗೆ ಎದೆಯೊಳಗೆ ಒಂದು ಮುಳ್ಳು ಆಡುತ್ತಿತ್ತು. ಏಳು ವರ್ಷದ ಹಿಂದೆ ಇವಳು ಕಿರುಕೋಣೆಗೆ ಬಂದು, ದೂರದೂರಿನಲ್ಲಿ ಮಗಳು ಹೆತ್ತಿದ್ದಾಳೆ, ಮಗುವನ್ನು ಫೋನಿನಲ್ಲಿ ನೋಡಲು ವೈಫೈ ಕೊಡಪ್ಪಾ ಅಂದಿದ್ದಳು. ಇವರು, ಇವತ್ತು ಮಗು ಅಂತ ಬಿಟ್ಟರೆ ನಾಳೆ ಎಲ್ಲರೂ ಬರುತ್ತಾರೆ ಅಂದುಕೊಂಡು ಬೇಡ ಅಂದಿದ್ದರು. ಅಂದ ರಾತ್ರಿ ಊಟ ಸೇರಿರಲಿಲ್ಲ. ಆದರೂ ಸಡಿಲಿಸಿರಲಿಲ್ಲ. ಅವಳು ಪ್ರತಿ ತಿಂಗಳೂ ಬಂದು ಕೇಳುತ್ತಿದ್ದಳು, ಇವರು ಪ್ರತಿ ತಿಂಗಳೂ ಬೇಡ ಅನ್ನುತ್ತಿದ್ದರು.

"ಅಜ್ಜೀ, ಆ ಮಗೂನ..."

"ದಿನಾ ನೋಡ್ತೀನಿ ಕಣಪ್ಪಾ." ಅಜ್ಜಿ ಕೈ ನಿಲ್ಲಿಸಲಿಲ್ಲ. "ಈ ಡಬ್ಬಿ ಕೆಳಗೇ ಚೆನ್ನಾಗಿ ಕಾಣೋದು." ಗದ್ದ ಎತ್ತಿ ಸೂರಿನ ಹದಿನಾಲ್ಕನೇ ಆಕ್ಸೆಸ್ ಪಾಯಿಂಟನ್ನು ತೋರಿಸಿದಳು. "ಹಲ್ಲು ಬಂದಿದ್ದು ಇಲ್ಲೇ ನೋಡ್ದೆ. ಹೆಜ್ಜೆ ಇಟ್ಟಿದ್ದೂ ಇಲ್ಲೇ. ಈಗ ಎರಡನೇ ಕ್ಲಾಸು, ನಿನ್ನೆ ಮಗ್ಗಿ ಒಪ್ಪಿಸಿದ್ಳು."

ಸಾರ್ ದಂಗಾಗಿ ನಿಂತರು. ಎದೆಯ ಮುಳ್ಳು ಕಿತ್ತು ಬಂದ ಹಾಗೂ ಆಯಿತು, ಇನ್ನಷ್ಟು ಆಳಕ್ಕೆ ಇಳಿದ ಹಾಗೂ ಆಯಿತು. "ಮತ್ತೆ ತಿಂಗಳು ತಿಂಗಳು ಬಂದು ನನ್ನ ಯಾಕಜ್ಜೀ ಕೇಳ್ತಿದ್ರಿ?"

ಅಜ್ಜಿ ಈಗ ಕೈ ನಿಲ್ಲಿಸಿದಳು. ಅವಳಿಗೇ ಆಶ್ಚರ್ಯ. "ಕೇಳದೇ ನೋಡೋದು ತಪ್ಪಲ್ವೇನಪ್ಪಾ?"

ಸಾರ್ ನೋಟುಪುಸ್ತಕದಲ್ಲಿ 'ಅಜ್ಜಿ, ಮೊಮ್ಮಗಳು, ಊಟದ ಹೊತ್ತು' ಅಂತ ಬರೆದು, ಗೋಂದು ಮೆತ್ತಿದ ಪುಟವನ್ನು ಊದುತ್ತ ಮೆಟ್ಟಿಲು ಹತ್ತಿದರು.

ಮೇಲೆ ನಕ್ಷೆ ಬರೆಯುವ ಕೋಣೆ. ಅಲ್ಲಿ ಕೂರುವವನು ಅವರ ಸ್ವಂತ ಅಳಿಯ. ಆರು ವರ್ಷದಿಂದ ಇದೇ ಕಾರ್ಖಾನೆ, ನಾಲ್ಕು ವರ್ಷದಿಂದ ಅಳಿಯ. ಇವನೊಬ್ಬನಾದರೂ ಆ ಗುಂಪಿನಲ್ಲಿ ಇರಲಿಕ್ಕಿಲ್ಲ ಅಂದುಕೊಂಡೇ ಹತ್ತಿದರು. ಮನೆಯಲ್ಲಿ ಮಾವ ಫೈರ್‌ವಾಲಿನ ಕಥೆ ಹೇಳಿದರೆ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದ ಹುಡುಗ. "ಅಬ್ಬಾ ಮಾವಾ, ನೀವಿಲ್ಲದಿದ್ರೆ ಕಷ್ಟ" ಅನ್ನುತ್ತಿದ್ದ ಹುಡುಗ.

ಸದಾ 'ಅಳಿಯಂದ್ರೇ, ನೀವು' ಅಂತ ಮರ್ಯಾದೆಯಿಂದ ಮಾತಾಡಿಸುತ್ತಿದ್ದವರ ಬಾಯಿಂದ ಬಾಗಿಲಲ್ಲೇ ಹೊರಬಿತ್ತು: "ನೀನೂನಾ?"

ಅಳಿಯ ಎದ್ದು ನಿಂತ. ಕಿವಿ ಕೆಂಪಾಗಿತ್ತು. "ಮಾವಾ, ಹೇಳ್ಬೇಕು ಅಂತ ತುಂಬಾ ಸಲ..."

"ಆರು ವರ್ಷ!"

"ಸೇರಿದ ವಾರದಲ್ಲೇ ಗೊತ್ತಾಯ್ತು. ಆಗ ಹೇಳಿದ್ರೆ ಹೊಸಬ, ಅಧಿಕಪ್ರಸಂಗ ಅಂತೀರಿ. ಆಮೇಲೆ ಮದುವೆ ಮಾತುಕತೆ ನಡೀತಿತ್ತು, ಆಗ ಹೇಳೋಕಾಗುತ್ತಾ? ಮದುವೆ ಆದ್ಮೇಲೆ ಅಂತೂ..." ಅವನು ಕೈ ಚೆಲ್ಲಿದ. "ನೀವು ಹೇಳ್ತಾ ಇದ್ರೆ ನಿಮ್ಮ ಮುಖ ನೋಡಿ ಬಾಯೇ ಬರ್ತಿರ್ಲಿಲ್ಲ ಮಾವಾ."

"ಔಷಧಿ ಪೆಟ್ಟಿಗೆ ನಕ್ಷೆ ಇರೋದು ನಿನ್ನ ಹತ್ರ. ಯಾವನಾದ್ರೂ ಕದ್ದಿದ್ರೆ?"

ಅಳಿಯ ತಲೆ ತಗ್ಗಿಸಿದ. ಒಂದು ಹಾಳೆ ಎಳೆದುಕೊಂಡು, ತನ್ನ ಕೋಣೆಗೆ ನಿಜವಾಗಿಯೂ ಏನೇನು ಬೇಕು ಅಂತ ಒಂದೊಂದಾಗಿ ಬರೆದುಕೊಟ್ಟ. ಏಳು ಇದ್ದವು. ಎಂಟನೆಯದು ಬರೆಯಲು ಹೋಗಿ ತಾನೇ ಹೊಡೆದು ಹಾಕಿದ. ಏನಿತ್ತೋ, ಸಾರ್ ಕೇಳಲಿಲ್ಲ.

ಮೂರೂವರೆಗೆ ಲಾರಿಗಳ ತೂಕ ಮತ್ತೆ ಶುರುವಾಯಿತು, ಯಂತ್ರ ಕತ್ತರಿಸತೊಡಗಿತು, ಹಾಜರಿ ಮಿಷನ್ನು ಬೆರಳುಗಳನ್ನು ಗುರುತಿಸಿತು. ಮೂವತ್ತೊಂದು ಸಣ್ಣ ದಾರಿ, ಪ್ರತಿಯೊಂದಕ್ಕೂ ಹೆಸರು, ಯಾರಿಗೆ, ಯಾತಕ್ಕೆ. ತಪಾಸಣೆಗಾರ್ತಿ ಒಂದೊಂದನ್ನೂ ಬೆರಳಿಟ್ಟು ನೋಡುತ್ತ ಬಂದಳು. ಒಂದರ ಮೇಲೆ ಬೆರಳು ನಿಂತಿತು. "ಇದು?"

"ಮೊಮ್ಮಗಳು," ಅಂದರು ಸಾರ್. "ಹೊರಗಿನವರಿಗೆ ಅಂತ ಬೇರೆ ವೈಫೈ ಇದೆಯಲ್ಲ, ಅದರಲ್ಲಿ ಮಾತ್ರ. ಕಾರ್ಖಾನೆಯ ಯಾವುದನ್ನೂ ಮುಟ್ಟಲ್ಲ."

ಅವಳು ಬೆರಳನ್ನು ಮುಂದಕ್ಕೆ ಸರಿಸಿದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಪದಪ ಸದ್ದು. ಎಂದೂ ಆ ಕಿರುಕೋಣೆಗೆ ಕಾಲಿಡದ ಯಜಮಾನರು ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಫೋನು.

"ಏನ್ರೀ ಇದು, ನಂದೂ ನಿಲ್ಲಿಸಿಬಿಟ್ರಾ? ಚದುರಂಗ ಅರ್ಧಕ್ಕೆ ನಿಂತಿದೆ ಕಣ್ರೀ. ಯಾವನೋ ಎಲ್ಲಿಯವನೋ, ಮೂರು ದಿನದಿಂದ ಆಡ್ತಿದ್ದೀನಿ. ಈಗ ನಂದೇ ನಡೆ! ಒಂದು ಸ್ವಲ್ಪ ಬಿಡ್ರೀ."

ಯಜಮಾನರೂ! ಅವರೂ ಒಂದಾನೊಂದು ದಿನ ಫೋನು ಮಾಡಿ, "ಚದುರಂಗ ಆಡಬಹುದೇನ್ರೀ?" ಅಂತ ಕೇಳಿ, ಬೇಡ ಅನ್ನಿಸಿಕೊಂಡು, "ಸರಿ ಬಿಡಿ, ನಿಯಮ ಅಂದ್ರೆ ನಿಯಮ" ಅಂದಿದ್ದರು. ಆ ಮಾತನ್ನು ಸಾರ್ ಎಷ್ಟು ಮದುವೆ ಮನೆಗಳಲ್ಲಿ ಹೇಳಿಕೊಂಡು ಬೀಗಿದ್ದರು!

ತಪಾಸಣೆಗಾರ್ತಿ ಪೆನ್ನಿನ ಮುಚ್ಚಳ ತೆರೆದಿದ್ದಳು. ಕಣ್ಣು ಕಾಗದದ ಮೇಲಿತ್ತು, ಕಿವಿ ಇಲ್ಲಿತ್ತು. ಆ ಫೋನಿನಲ್ಲೇ ಗಿರಾಕಿಗಳ ಕಾಗದಪತ್ರವೆಲ್ಲ ಇರುವುದು. ಅದೇ ಫೋನಿಗೆ ಯಾವನೋ ಎಲ್ಲಿಯವನೋ.

ಸಾರ್ ಕನ್ನಡಕವನ್ನು ಹಣೆಗೆ ಏರಿಸಿದರು. ಸಾವಿರ ಸಲ ಆಡಿದ ಪದ ಅದು.

"ಬೇಡ ಸಾರ್."

"ಸರಿ ಬಿಡಿ," ಅಂದರು ಯಜಮಾನರು ರೂಢಿಯಂತೆ. ಮುಖವನ್ನೂ ರೂಢಿಯಂತೆ ಸಣ್ಣ ಮಾಡಿಕೊಂಡು ಹೊರಟರು. ನಾಲ್ಕು ಮೆಟ್ಟಿಲು ಹತ್ತಿದ ಸದ್ದು ಕೇಳಿಸಿತು. ನಿಂತಿತು. ಫೋನು ಒತ್ತಿದ್ದಿರಬೇಕು, ಮತ್ತೆ ಒತ್ತಿದ್ದಿರಬೇಕು. ನಾಲ್ಕು ಮೆಟ್ಟಿಲು ಇಳಿದು ಬಂದರು. ಸಿಡಿಲು ಬಡಿದವರ ಹಾಗಿದ್ದರು.

"ರೀ, ನಿಜವಾಗ್ಲೂ ಬರ್ತಿಲ್ಲ ಕಣ್ರೀ!"

ತಪಾಸಣೆಗಾರ್ತಿ ಸಹಿ ಹಾಕಿದಳು. ಹಾಕುವ ಮೊದಲು ಸಾರ್ ಕೈಯಲ್ಲೇ ಒಂದು ಸಾಲು ಬರೆಸಿಕೊಂಡಳು, ಹಿಂದಿನ ಎಂಟು ಕಾಗದಗಳಲ್ಲಿ ಬರೆದದ್ದು ನಿಜವಾಗಿರಲಿಲ್ಲ, ಅದು ನನಗೇ ತಿಳಿದಿರಲಿಲ್ಲ ಅಂತ. ಬರೆಯುವಾಗ ಅಕ್ಷರ ಸೊಟ್ಟಗಾಯಿತು. ಅದನ್ನು ಏನು ಮಾಡುತ್ತಾರೋ ತನ್ನ ಮೇಲಿನವರಿಗೆ ಬಿಟ್ಟದ್ದು, ತನ್ನ ಮಟ್ಟಿಗೆ ಪೆಟ್ಟಿಗೆಗಳು ಇಲ್ಲೇ ಇರುತ್ತವೆ ಅಂದು, ಸೆರಗು ಕೊಡವಿ ಎದ್ದಳು.

ಸಂಜೆ ಮಾವ ಅಳಿಯ ಒಟ್ಟಿಗೆ ನಡೆದು ಹೋದರು. ಅಂಗಡಿ ಬೀದಿ ದಾಟಿದ ಮೇಲೆ ಅಳಿಯ ಬಾಯಿಬಿಟ್ಟ.

"ಮಾವಾ, ಮನೇಲಿ ಹೇಳ್ತೀರಾ?"

"ಹೇಳ್ದೇ ಇರೋಕಾಗುತ್ತಾ? ನಿನ್ನ ಹೆಂಡ್ತಿಗೆ ಗೊತ್ತಾದ್ರೆ ಅಪ್ಪ ಇಷ್ಟೇನಾ ಅಂದ್ಕೊಳ್ತಾಳೆ. ಆದ್ರೂ ಹೇಳ್ತೀನಿ."

ಅಳಿಯ ಕೆಮ್ಮಿದ. "ಅವಳಿಗೆ ಗೊತ್ತು ಮಾವಾ. ಕಾಲೇಜಿನ ರಜೆಯಲ್ಲಿ ನಿಮಗೆ ಊಟ ತರ್ತಿದ್ಳಲ್ಲ? ಆಗ ಫೋನಕ್ಕನ ಪಕ್ಕ ಕೂತ್ಕೊಂಡು ಸಿನಿಮಾ ನೋಡ್ತಿದ್ಳು."

ಸಾರ್ ಬೀದಿ ನಡುವೆ ನಿಂತೇಬಿಟ್ಟರು. ಹಿಂದಿನಿಂದ ಸೈಕಲ್ಲೊಂದು ಗಂಟೆ ಬಾರಿಸಿ ಬಳಸಿಕೊಂಡು ಹೋಯಿತು.

"ನಿಮ್ಮತ್ತೆಗೆ?"

ಅಳಿಯ ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.